ಹೆಸರಿನ ಮುಂದಿನ ‘ಕು.’

ನೆಲೋಗಿ ಅಂದರೆ ಹೊರಗಿನ ಮಂದಿಗೆ ಧರಂ ಸಿಂಗ್ ನೆನಪಾಗುತ್ತಾರೆ. ಈ ಊರಲ್ಲಿ ಹುಟ್ಟಿ, ಜೇವರ್ಗಿಯಿಂದ ಮತ್ತೆ ಮತ್ತೆ ಗೆದ್ದು, 2004ರಲ್ಲಿ ಮುಖ್ಯಮಂತ್ರಿಯಾದವರು. ನನಗೆ ಮಾತ್ರ ನೆಲೋಗಿ ಅಂದರೆ ಕ್ರಾಸಿನ ಗೋಡೆ. ತೊಗರಿ ಮಾರಿ, ಬಿಳಿಜೋಳದ ರಾಶಿ ಮುಗಿಸಿ, ಮಂದಿಯ ಕೈಯಾಗ ನಾಕು ದುಡ್ಡು ಆಡುವ ಹೊತ್ತಿಗೆ ಆ ಗೋಡೆಗೆ ಹೊಸ ಅಂಗಿ ಬರುತ್ತದೆ. ಮೇಲೆ ಊರ ದೇವರು, ಅದರ ಕೆಳಗೆ ಮಠದ ಅಪ್ಪನವರು, ಅವರ ಕೆಳಗೆ ಕೈಮುಗಿದ ಮುಖಂಡರು. ನಡುವೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ‘ಅರ್ಥಾತ್’ ಅಂತ ಅದಕ್ಕೊಂದು ಬಾಲ. ತಾಳಿ, ಕುಂಕುಮ, ತವರು, ಮಾಂಗಲ್ಯ ಈ ನಾಲ್ಕರಲ್ಲಿ ಒಂದಾದರೂ ಆ ಹೆಸರಿನಲ್ಲಿ ಇರಲೇಬೇಕು. ಎಲ್ಲಕ್ಕಿಂತ ಕೆಳಗೆ, ಬಣ್ಣದ ಫೋಟೊ ಸಹಿತ, ‘ಸ್ತ್ರೀ ಪಾತ್ರದಲ್ಲಿ’ ಎಂಬ ಸಾಲು.

ಆ ಸಾಲಿನಲ್ಲಿ ಬರುವ ಹೆಸರುಗಳಿಗೆಲ್ಲ ಒಂದು ಕಿರೀಟವಿರುತ್ತದೆ: ‘ಕು.’ ಕುಮಾರಿ. ಊರ ಹುಡುಗರು ಕೂಡಿ ಆಡುವ ಹವ್ಯಾಸಿ ನಾಟಕಕ್ಕೆ ಗದಗ, ವಿಜಯಪುರ, ಇಳಕಲ್ಲು, ಹುಬ್ಬಳ್ಳಿ ಕಡೆಯಿಂದ ಕರೆಸಿದ ಕಲಾವಿದೆಯರು ಇವರು. ಕೆಲವರು ಮೂವತ್ತು ದಾಟಿದವರು, ಕೆಲವರು ಮಗಳ ಹತ್ತನೇ ಇಯತ್ತೆಯ ಫೀಸಿಗೆ ದುಡಿಯುವವರು. ಪೋಸ್ಟರಿನ ಲೆಕ್ಕದಲ್ಲಿ ಎಲ್ಲರೂ ಕುಮಾರಿಯರೇ. ಹೀರೊ ಪಾತ್ರದ ಹುಡುಗನ ಹೆಸರಿನ ಮುಂದೆ ಇಂಥದ್ದೇನೂ ಇರುವುದಿಲ್ಲ. ಹಿಂದೆ ‘ಗೌಡ’, ‘ಪಾಟೀಲ’ ಅಂತ ಮನೆತನ ಇರುತ್ತದೆ, ಅಷ್ಟೆ. ಅವನಿಗೆ ಮದುವೆಯಾಗಿದೆಯೋ ಇಲ್ಲವೋ ಯಾರಿಗೂ ಬೇಕಿಲ್ಲ. ಅವನ ಹೆಂಡತಿಯೇ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಾಳೆ.

ಈ ‘ಕು.’ ಏಕೆ ಎಂದು ಕೇಳಿದರೆ ನಾಟಕದ ಮಾಸ್ತರರು ನಗುತ್ತಾರೆ. “ಹಾಂಗ ಬರದ್ರ ಮಂದಿ ಬರ್ತಾರ್ರಿ.” ಜಪಾನಿನ ಸಂಗೀತೋದ್ಯಮ ಕೋಟ್ಯಂತರ ಯೆನ್ ಸುರಿದು ಕಟ್ಟಿದ ಒಂದು ವ್ಯವಸ್ಥೆಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವ್ಯವಸ್ಥೆಯ ಮುಖ ಜಗತ್ತಿಗೆ ಕಂಡದ್ದು 2013ರ ಜನವರಿ 31ರಂದು. ಮಿನೆಗಿಶಿ ಮಿನಾಮಿ ಎಂಬ 20 ವರ್ಷದ ಗಾಯಕಿ ತಲೆ ಬೋಳಿಸಿಕೊಂಡು ಕ್ಯಾಮೆರಾ ಮುಂದೆ ಕೂತು, ಅಳುತ್ತ, ಬಾಗಿ ಬಾಗಿ ಕ್ಷಮೆ ಕೇಳಿದಳು. ಮಾಡಿದ್ದೇನು? ಒಬ್ಬ ಯುವಕನ ಮನೆಯಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಹೊರಬರುವುದನ್ನು ಅಲ್ಲಿಯ ವಾರಪತ್ರಿಕೆಯೊಂದು ಫೋಟೊ ಸಮೇತ ಅಚ್ಚು ಹಾಕಿತ್ತು. ಆಕೆ ಎಕೆಬಿ48 ಎಂಬ ತಂಡದವಳು, ಅದೂ 2005ರ ಮೊದಲ ಬ್ಯಾಚಿನವಳು. ಆ ತಂಡದ ಹುಡುಗಿಯರು ಪ್ರೀತಿ ಮಾಡುವಂತಿಲ್ಲ. ಅಲ್ಲಿ ಇಂಥ ಕಲಾವಿದೆಯರಿಗೆ ‘ಐಡೊರು’ ಅನ್ನುತ್ತಾರೆ. ಇಂಗ್ಲಿಷಿನ ಐಡಲ್ ಅಲ್ಲಿಯ ನಾಲಿಗೆಯಲ್ಲಿ ಹಾಗಾಗಿದೆ. ನಮ್ಮ ಮಾತಲ್ಲಿ ಹೇಳುವುದಾದರೆ, ಮೂರ್ತಿ.

ಆ ವಿಡಿಯೊ ನೋಡಿದಾಗ ನನ್ನೊಳಗೆ ಎದ್ದು ಬಂದದ್ದು ಜಪಾನಲ್ಲ. ತಲೆ ಬೋಳಿಸಿದ ಹರೆಯದ ಹುಡುಗಿಯನ್ನು ಕನ್ನಡದ ಕಣ್ಣು ಒಂದೇ ರೀತಿಯಲ್ಲಿ ಓದುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಗಂಡನನ್ನು ಕಳಕೊಂಡವಳ ತಲೆ ಬೋಳಿಸುತ್ತಿದ್ದರು. ಅಲ್ಲಿ ಗಂಡೊಬ್ಬನನ್ನು ಪಡೆದಾಳೆಂಬ ಗುಮಾನಿ ಬಂದವಳು ತಾನಾಗಿ ಬೋಳಿಸಿಕೊಂಡಳು. ‘ತಾನಾಗಿ’ ಎಂಬ ಮಾತು ಎಷ್ಟು ಭಾರ ಹೊರುತ್ತದೋ ಬಲ್ಲವರು ಬಲ್ಲರು. ಕಂಪನಿ ಆಕೆಯನ್ನು ಕಲಿಕೆಯ ಹುಡುಗಿಯರ ಸಾಲಿಗೆ ಇಳಿಸಿ ಕೈತೊಳೆದುಕೊಂಡಿತು.

ಎಕೆಬಿ48ರ ವ್ಯವಹಾರ ತಿಳಿದರೆ ಈ ಕಟ್ಟಳೆಯ ಬೇರು ಕಾಣುತ್ತದೆ. ಗೀತರಚನಕಾರ ಅಕಿಮೊತೊ ಯಾಸುಶಿ ಟೋಕಿಯೊದ ಅಕಿಹಾಬಾರಾದಲ್ಲಿ 250 ಜನ ಹಿಡಿಯುವ ಚಿಕ್ಕ ರಂಗಮಂದಿರದಲ್ಲಿ ಇದನ್ನು ಶುರುಮಾಡಿದ. ಟಿ.ವಿ.ಯಲ್ಲಿ ದೂರದಿಂದ ನೋಡುವ ತಾರೆ ಬೇಡ, ದಿನಾ ಹೋಗಿ ಭೇಟಿಯಾಗುವಂಥ ಹುಡುಗಿ ಬೇಕು ಎಂಬುದು ಲೆಕ್ಕ. ಸಿ.ಡಿ. ಕೊಂಡರೆ ಒಳಗೊಂದು ಚೀಟಿ. ಆ ಚೀಟಿ ತೋರಿಸಿದರೆ ಹುಡುಗಿ ಕೆಲವು ಸೆಕೆಂಡು ನಿಮ್ಮ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ. ಹತ್ತು ಸಿ.ಡಿ. ಕೊಂಡರೆ ಹತ್ತು ಸಲ. 2009ರಿಂದ 2018ರವರೆಗೆ ಚುನಾವಣೆಯೂ ನಡೆಯಿತು. ಸಿ.ಡಿ.ಯೊಳಗೇ ಮತಪತ್ರ. ನಿಮ್ಮ ಹುಡುಗಿ ಮುಂದಿನ ಸಾಲಿಗೆ ಬರಬೇಕಾದರೆ ಪೆಟ್ಟಿಗೆಗಟ್ಟಲೆ ಸಿ.ಡಿ. ಕೊಳ್ಳಿ, ಓಟು ಹಾಕಿ. ಹಾಡು ಕೇಳುವುದಕ್ಕೆ ಒಂದು ಸಿ.ಡಿ. ಸಾಕು. ಉಳಿದ ನೂರು ಕೊಳ್ಳುವವನು ಹಾಡು ಕೊಳ್ಳುತ್ತಿಲ್ಲ, ‘ಇವಳು ಇನ್ನೂ ಯಾರವಳೂ ಆಗಿಲ್ಲ’ ಎಂಬ ಭರವಸೆಯನ್ನು ಕೊಳ್ಳುತ್ತಿದ್ದಾನೆ. ಆ ಭರವಸೆ ಒಡೆದ ದಿನ ಮಾಲು ಕೆಟ್ಟಂತೆ.

ನಮ್ಮ ಜಾತ್ರೆ ನಾಟಕದಲ್ಲಿ ಇದಕ್ಕೊಂದು ಹೆಸರೇ ಇದೆ: ಆಯೇರಿ. ನಾಯಕಿ ಒಂದು ಹಾಡಿಗೆ ಕುಣಿದರೆ ಸಾಕು, ಕತೆ ಅಲ್ಲಿಗೇ ನಿಲ್ಲುತ್ತದೆ. ಹಿಂದಿನಿಂದ ಒಬ್ಬ ಚೀಟಿ ಕಳಿಸುತ್ತಾನೆ. ಮೈಕಿನಲ್ಲಿ ಅವನ ಹೆಸರು, ಅವನಪ್ಪನ ಹೆಸರು, ಊರು, ಮೊತ್ತ ಎಲ್ಲ ಕೂಗಿ ಹೇಳುತ್ತಾರೆ. ಅವಳು ಬಂದು ಕೈಮುಗಿಯಬೇಕು. ಐವತ್ತು ಕೊಟ್ಟವನ ಮೇಲೆ ಪಂಥ ಕಟ್ಟಿ ಇನ್ನೊಬ್ಬ ನೂರು ಕೊಡುತ್ತಾನೆ, ಅವನ ಮೇಲೆ ಮತ್ತೊಬ್ಬ ಐನೂರು. ನಟ್ಟಿರುಳಿನ ಹೊತ್ತಿಗೆ ಅದು ಅಕಿಹಾಬಾರಾದ ಚುನಾವಣೆಯೇ. ಆಯೇರಿ ಅಂದರೆ ಮೂಲದಲ್ಲಿ ಮದುವೆಯ ಉಡುಗೊರೆ, ಮದುಮಗಳಿಗೆ ಬಳಗದವರು ಹಾಕುವ ಸೀರೆ, ಕುಬಸ, ರೊಕ್ಕ. ಅದೇ ಶಬ್ದವನ್ನು ನಮ್ಮ ಮಂದಿ ರಂಗದ ಮೇಲಿನ ಕುಮಾರಿಗೂ ಬಳಸುತ್ತಾರೆ. ಮದುವೆಯಾಗದವಳೆಂದು ನಂಬಿ, ಮದುವೆಯ ಉಡುಗೊರೆಯನ್ನೇ ಹಾಕುತ್ತಾರೆ. ಇದು ಯಾರೂ ಕೂತು ಯೋಚಿಸಿ ಇಟ್ಟ ಹೆಸರಲ್ಲ. ಅದಕ್ಕೇ ಅದರಲ್ಲಿ ನಿಜ ಇದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದು ತಮಾಷೆಯ ಹೋಲಿಕೆಯಾಗುತ್ತದೆ. ಆದರೆ ಭೀಮಾ, ಕೃಷ್ಣಾ, ಮಲಪ್ರಭೆಯ ಈ ಸೀಮೆಗೆ, ಹಾಡುವ ಕುಣಿಯುವ ಹೆಣ್ಣು ಮದುವೆಯಾಗಬಾರದೆಂಬ ಕಟ್ಟಳೆ ಟೋಕಿಯೊದಿಂದ ಬರಬೇಕಾಗಿರಲಿಲ್ಲ. ಅದು ಇಲ್ಲೇ ಇತ್ತು. ಕೆಂಪು ಬಿಳಿ ಮಣಿಯ ಸರದ ರೂಪದಲ್ಲಿತ್ತು.

ಮುತ್ತು ಕಟ್ಟುವುದು ಅಂದರೆ ಹುಡುಗಿಯನ್ನು ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಹನುಮಪ್ಪನಿಗೋ ಬಿಡುವುದು. ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು: ದೇವದಾಸಿ, ಬಸವಿ, ಜೋಗತಿ. ಹೊಟ್ಟೆಗಿಲ್ಲದ ಮನೆ, ಗಂಡು ಸಂತಾನವಿಲ್ಲದ ಮನೆ, ತಲೆಯಲ್ಲಿ ಜಡೆ ಬಂದ ಕೂಸು, ಹರಕೆ ಹೊತ್ತ ಅಜ್ಜಿ. ಕಾರಣ ಯಾವುದಾದರೂ ಆದೀತು. ಮನೆ ಮಾತ್ರ ಬಹುಪಾಲು ದಲಿತರ ಓಣಿಯದೇ. ಮುತ್ತು ಕಟ್ಟಿಸಿಕೊಂಡವಳು ಯಾವ ಗಂಡಿನ ಹೆಂಡತಿಯೂ ಆಗುವಂತಿಲ್ಲ. ಏಕೆಂದರೆ ಆಕೆಯ ಗಂಡ ದೇವರು, ಅವನಿಗೆ ಸಾವಿಲ್ಲ. ಹಾಗಾಗಿ ಆಕೆ ನಿತ್ಯಸುಮಂಗಲಿ. ಬೇರೆಯವರ ಮನೆಯ ಮದುವೆಗೆ ಆಕೆ ಬಂದರೆ ಶುಭ, ಆಕೆಯ ಕೈಯ ಮಣಿ ತಾಳಿಗೆ ಸೇರಿದರೆ ಇನ್ನೂ ಶುಭ. ಆಕೆಗೇ ಮದುವೆ ಅಂದರೆ ಅನಾಹುತ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಎಕೆಬಿ48ರ ಹುಡುಗಿಯನ್ನೂ ಮುತ್ತು ಕಟ್ಟಿಸಿಕೊಂಡ ನಮ್ಮೂರ ಹುಡುಗಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನ್ನ ಕೈ ಬರುವುದಿಲ್ಲ. ಅವಳು ಅರ್ಜಿ ಹಾಕಿ, ಆಡಿಷನ್ ಕೊಟ್ಟು ಬಂದವಳು. ಇವಳನ್ನು ಬುದ್ಧಿ ಬಲಿಯುವ ಮೊದಲೇ ಬಿಟ್ಟರು. ಅಲ್ಲಿಯ ಕಟ್ಟಳೆ ಮೈ ಮುಟ್ಟಬೇಡಿ ಅನ್ನುತ್ತದೆ. ಇಲ್ಲಿಯದು ಯಾರು ಬೇಕಾದರೂ ಮುಟ್ಟಬಹುದು, ಯಾರೂ ಹೊಣೆ ಹೊರಬೇಕಿಲ್ಲ ಅಂದಿತು. ಹೋಲಿಕೆ ಇರುವುದು ಒಂದೇ ಕಡೆ, ಕೀಲಿಕೈ ಯಾರ ಕೈಯಲ್ಲಿದೆ ಎಂಬಲ್ಲಿ. ಎರಡೂ ಕಡೆ ಹೆಣ್ಣು ‘ಎಲ್ಲರವಳು’. ಎಲ್ಲರವಳಾದದ್ದರಿಂದ ಒಬ್ಬನವಳಾಗುವಂತಿಲ್ಲ. ತನ್ನವಳು ತಾನಾಗುವುದಂತೂ ಯಾರ ಲೆಕ್ಕದಲ್ಲೂ ಇಲ್ಲ. ಇಲ್ಲಿ ಮೂರ್ತಿಗೆ ಹುಡುಗಿಯನ್ನು ಕೊಟ್ಟರು, ಅಲ್ಲಿ ಹುಡುಗಿಯನ್ನೇ ಮೂರ್ತಿ ಮಾಡಿದರು. ಹುಂಡಿ ಎಣಿಸುವವರು ಎರಡೂ ಕಡೆ ಬೇರೆಯವರೇ.

ಕಾನೂನು ನಿಧಾನವಾಗಿ ಬಂತು. ಮೈಸೂರು ಸಂಸ್ಥಾನ 1909–10ರ ಸುಮಾರಿಗೇ ತನ್ನ ದೇವಾಲಯಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಯಪುರ, ಬೆಳಗಾವಿ, ಧಾರವಾಡಗಳಿಗೆ 1934ರ ಕಾಯ್ದೆ ಬಂತು. ನೆಲೋಗಿ ಆಗ ನಿಜಾಮನ ರಾಜ್ಯದಲ್ಲಿತ್ತು, ಸಿಂದಗಿಯ ಕಡೆ ಸ್ವಲ್ಪ ದೂರ ನಡೆದರೆ ಬ್ರಿಟಿಷರ ಸೀಮೆ. ಕರ್ನಾಟಕ ದೇವದಾಸಿಯರ ಸಮರ್ಪಣಾ ನಿಷೇಧ ಕಾಯ್ದೆ 1982ರದು, ಜಾರಿಯಾದದ್ದು 1984ರಲ್ಲಿ. ಅದರಲ್ಲಿ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಸೆರೆ ಇತ್ತು. ಕಟ್ಟಿದವರು ತಾಯಿ ತಂದೆಯೋ ಪೋಷಕರೋ ಆಗಿದ್ದರೆ ಐದು ವರ್ಷದವರೆಗೆ. ಎಲ್ಲರೂ ಹೇಳುವುದು ಈ ಶಿಕ್ಷೆಯ ವಿಷಯ. ನನಗೆ ಹಿಡಿಸಿದ್ದು ಅದರೊಳಗಿನ ಇನ್ನೊಂದು ಚಿಕ್ಕ ಕಲಮು. ಯಾವ ಜಾತಿಯ ಯಾವ ರೂಢಿ ಏನೇ ಹೇಳಲಿ, ದೇವದಾಸಿಯಾಗಿದ್ದಳು ಎಂಬ ಒಂದೇ ಕಾರಣಕ್ಕೆ ಹೆಣ್ಣೊಬ್ಬಳ ಮದುವೆ ಅಸಿಂಧುವಾಗದು, ಆ ಮದುವೆಯ ಮಕ್ಕಳು ಅಕ್ರಮ ಸಂತಾನವಾಗರು ಅಂದಿತ್ತು ಅದು. ದೇವರ ಹೆಂಡತಿಗೆ ಸರ್ಕಾರ ಕೊಟ್ಟ ಸೋಡಚೀಟಿ ಅಂದರೂ ಸರಿ.

ಅಂಥದ್ದೇ ಚೀಟಿ ಟೋಕಿಯೊದಲ್ಲಿ ಸಿಕ್ಕಿದ್ದು ಬಹಳ ತಡವಾಗಿ, ಅದೂ ಎಡವಿ ಬಿದ್ದು. 2015ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಜಿಲ್ಲಾ ನ್ಯಾಯಾಲಯ, ಪ್ರೀತಿಸಬಾರದೆಂಬ ಕರಾರು ಮುರಿದ 17 ವರ್ಷದ ಐಡಲ್ ಒಬ್ಬಳು ತನ್ನ ಕಂಪನಿಗೆ 6,50,000 ಯೆನ್ ಕಟ್ಟಿಕೊಡಬೇಕು ಎಂದು ತೀರ್ಪು ಕೊಟ್ಟಿತು. ನಾಲ್ಕು ತಿಂಗಳು ಕಳೆದು 2016ರ ಜನವರಿಯಲ್ಲಿ, 23 ವರ್ಷದ ಇನ್ನೊಬ್ಬಳ ಮೇಲೆ ಹೂಡಿದ್ದ ದಾವೆಯಲ್ಲಿ ಅದೇ ನ್ಯಾಯಾಲಯದ ಬೇರೊಬ್ಬ ನ್ಯಾಯಾಧೀಶರು ಕಂಪನಿಯ ವಾದವನ್ನು ತಳ್ಳಿಹಾಕಿದರು. ಪ್ರೀತಿಸುವುದು ಮನುಷ್ಯ ತನ್ನ ಸುಖವನ್ನು ಅರಸುವ ಹಕ್ಕಿಗೆ ಸೇರಿದ್ದು, ಅದನ್ನು ದಂಡ ಹಾಕಿ ತಡೆಯುವುದು ಅತಿಯಾಯಿತು ಎಂಬುದು ಅವರ ಮಾತಿನ ತಾತ್ಪರ್ಯ.

ಕಾಗದದ ಮೇಲಿನ ಹಕ್ಕು ಕಾಲಿಗೆ ಬರಲು ಎಷ್ಟು ಕಾಲ ಬೇಕು? ನಮ್ಮ ಕಾಯ್ದೆ ಬಂದು ಎರಡು ದಶಕ ಕಳೆದ ಮೇಲೆ, 2007–08ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿತು. ಹೆಚ್ಚಿನವರು ಉತ್ತರದ ಜಿಲ್ಲೆಗಳವರು. ಅವರಲ್ಲಿ ಮದುವೆಯಾದವರಿಗಿಂತ ಪಿಂಚಣಿಗಾಗಿ ಕಚೇರಿ ಮೆಟ್ಟಿಲ ಮೇಲೆ ಕೂತವರ ಕತೆಯೇ ನಮಗೆ ಹೆಚ್ಚು ಗೊತ್ತು. ಅವರ ಮಕ್ಕಳಿಗೆ ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾಲಿ ಗೆರೆ. ಆ ಮಕ್ಕಳ ಹಕ್ಕಿಗಾಗಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿದ್ದು 2025ರಲ್ಲಿ.

ಒಂದು ಶಬ್ದದ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಕನ್ನಡ ಶಾಸನಗಳಲ್ಲಿ ಗುಡಿಯ ನರ್ತಕಿಗೆ ‘ಪಾತ್ರ’ ಎಂಬ ಹೆಸರಿದೆ. ನಾವು ಈಗ ರಂಗದ ಮೇಲೆ ‘ಪಾತ್ರ’ ಅನ್ನುವುದೂ ಅದನ್ನೇ, ಅಡುಗೆಮನೆಯಲ್ಲಿ ‘ಪಾತ್ರೆ’ ಅನ್ನುವುದೂ ಅದರ ಬಳಗವೇ. ತುಂಬಿಸಿಕೊಳ್ಳುವುದು, ಎತ್ತಿ ಹಿಡಿಯುವುದು, ತೊಳೆದಿಡುವುದು. ‘ಪಾತ್ರದವಳು’ ಅನ್ನುವ ಮಾತು ಬೈಗುಳವಾಗಿ ಇಳಿದದ್ದೂ ಇದೇ ಹಾದಿಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಸೂಳೆ ಸಂಕವ್ವೆ ತನ್ನ ಹೆಸರಿನ ಮುಂದಿನ ಆ ಪದವನ್ನು ಅಳಿಸಲಿಲ್ಲ. ತನ್ನ ದೇವರನ್ನು ‘ನಿರ್ಲಜ್ಜೇಶ್ವರ’ ಎಂದು ಕರೆದಳು. ನಮಗೆ ಉಳಿದಿರುವುದು ಅವಳ ಒಂದೇ ವಚನ. ಹೆಸರಿನ ಮುಂದೆ ಏನಿರಬೇಕೆಂದು ತಾನೇ ತೀರ್ಮಾನಿಸಿದ ಹೆಣ್ಣು ನಮ್ಮಲ್ಲಿ ಎಂಟುನೂರು ವರ್ಷದ ಹಿಂದೆ ಇದ್ದಳು.

ಅಂಥ ಸ್ವಾತಂತ್ರ್ಯ ಗಾಯಕಿ ಗಂಗೂಬಾಯಿ ಹಾನಗಲ್ಲರಿಗೂ ಸುಲಭವಾಗಿ ಸಿಗಲಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಹಾಡುವ ಹೆಣ್ಣುಗಳ ಆ ಮನೆತನದಲ್ಲಿ ಗಂಡನ ಮನೆ ಎಂಬುದು ಪದ್ಧತಿಯಲ್ಲೇ ಇರಲಿಲ್ಲ. ಗಂಗೂಬಾಯಿ ವಕೀಲ ಗುರುರಾವ ಕೌಲಗಿ ಅವರೊಂದಿಗೆ ಬಾಳಿದರು, ಮಕ್ಕಳನ್ನು ಸಾಕಿದರು, ಸಂಸಾರದ ಭಾರ ಹೊತ್ತರು. ಜಾತಿಯ ಗೋಡೆಯಾಚೆಯ ಆ ಬಾಳುವೆ ಸಮಾಜದ ಲೆಕ್ಕದಲ್ಲಿ ಮದುವೆ ಎನಿಸಲಿಲ್ಲ. ಅವರ ಹೆಸರಲ್ಲಿ ಕೌಲಗಿ ಬರಲಿಲ್ಲ, ಹಾನಗಲ್ ಬಂತು. ಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಗಂಗೂಬಾಯಿ ಎಂದೂ ಇರಲಿಲ್ಲ, ‘ಗಾಂಧಾರಿ’ ಎಂದು ಅಚ್ಚಾಗಿತ್ತು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂ ಆದರೆ ಪಂಡಿತನಾಗುತ್ತಾನೆ, ಹೆಣ್ಣು ಮಾತ್ರ ಎಷ್ಟು ದೊಡ್ಡವಳಾದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬರ್ಥದ ಅವರ ಮಾತು ಹೆಸರಾಗಿದೆ. ನೆಲೋಗಿ ಕ್ರಾಸಿನ ‘ಕು.’ ಅದರದೇ ತಂಗಿ.

ಪ್ರೇಕ್ಷಕರ ಸಿಟ್ಟು ಏನೆಂದು ತಿಳಿಯಬೇಕಾದರೆ ಮಾತ್ರ ಬೀಳಗಿಗೆ ಹೋಗಬೇಕು. ಆಗಿನ ವಿಜಯಪುರ ಜಿಲ್ಲೆಯ ಆ ಊರಿನಿಂದ ಹೊರಟ ಅಕ್ಕತಂಗಿಯರು ಅಮೀರಬಾಯಿ ಮತ್ತು ಗೋಹರಬಾಯಿ ಕರ್ನಾಟಕಿ. ಗೋಹರ್ 1930ರ ದಶಕದ ಕೊನೆಗೆ ಗಂಧರ್ವ ನಾಟಕ ಮಂಡಳಿ ಸೇರಿದರು. ಮಂಡಳಿಯ ಒಡೆಯ ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವ. ಸೀರೆಯುಟ್ಟು ರಂಗಕ್ಕೆ ಬಂದರೆ ಮಹಾರಾಷ್ಟ್ರದ ಗೃಹಿಣಿಯರು ಅವರ ಸೀರೆ ಉಡುವ ರೀತಿಯನ್ನೇ ಅನುಸರಿಸುತ್ತಿದ್ದ ಕಾಲ ಒಂದಿತ್ತು. ಈಗ ವಯಸ್ಸಾಗಿತ್ತು, ಸಿನಿಮಾ ಬಂದಿತ್ತು, ಸಾಲ ಏರಿತ್ತು. ಗೋಹರ್ ನಾಯಕಿಯ ಪಾತ್ರಕ್ಕೆ ಬಂದರು, ಬಾಲಗಂಧರ್ವರ ಬದುಕಿಗೂ ಬಂದರು. 1951ರಲ್ಲಿ ಮದುವೆಯಾದರು.

ಅಭಿಮಾನಿಗಳು ಇದನ್ನು ಸಹಿಸಲಿಲ್ಲ. ವಿಚಿತ್ರ ನೋಡಿ, ಇಲ್ಲಿ ‘ಐಡಲ್’ ಆಗಿದ್ದದ್ದು ಗಂಡಸು. ಆದರೆ ಜನ ಪ್ರೀತಿಸಿದ್ದು ಅವನೊಳಗಿನ ಹೆಣ್ಣನ್ನು. ಆ ಹೆಣ್ಣು ಯಾರವಳೂ ಆಗಿರಲಿಲ್ಲವಾದ್ದರಿಂದ ಎಲ್ಲರವಳಾಗಿತ್ತು. ಕನ್ನಡದ ಹಳ್ಳಿಯೊಂದರ ಮುಸಲ್ಮಾನ ಗಾಯಕಿ ಆ ಮೂರ್ತಿಯನ್ನು ಗಂಡ ಮಾಡಿಕೊಂಡಳು ಅಂದಾಗ ಮರಾಠಿ ರಸಿಕರ ಎದೆಯಲ್ಲಿ ಎಷ್ಟೋ ಸಂಗತಿ ಒಟ್ಟಿಗೆ ಮುರಿದವು. ಮಂಡಳಿ ಸೋತದ್ದರ ಪಾಲಿನ ಬೈಗುಳವೂ ಗೋಹರರಿಗೇ ಬಂತು. ಹಾಸಿಗೆ ಹಿಡಿದ ಮುದುಕನ ಚಾಕರಿ ಮಾಡಿ ಅವರು 1964ರಲ್ಲಿ ತೀರಿಕೊಂಡರು, ಬಾಲಗಂಧರ್ವರು 1967ರಲ್ಲಿ. ತಲೆ ಬೋಳಿಸಿಕೊಂಡು ಕ್ಷಮೆ ಕೇಳು ಎಂದು ಗೋಹರರಿಗೆ ಯಾರೂ ಹೇಳಲಿಲ್ಲ. ಕ್ಷಮಿಸುವ ಮನಸ್ಸೇ ಇಲ್ಲದವರು ಕ್ಷಮೆ ಕೇಳೆಂದು ಯಾಕೆ ಹೇಳಿಯಾರು?

ಹಾಗೆಂದು ಮದುವೆಯೇ ಬಿಡುಗಡೆ ಅಂತಲೂ ಅಲ್ಲ. ಗೋಹರರ ಒಡಹುಟ್ಟಿದ ಅಮೀರಬಾಯಿ ಹಿಂದಿ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದರು, 1943ರ ‘ಕಿಸ್ಮತ್’ ಹಾಡುಗಳು ಮನೆಮಾತಾದವು. ಕಟ್ಟಿಕೊಂಡದ್ದು ಖಳನ ಪಾತ್ರಗಳಿಗೆ ಹೆಸರಾದ ಹಿಮಾಲಯವಾಲಾ ಎಂಬ ನಟನನ್ನು. ಅವನು ಮನೆಯಲ್ಲೂ ಅದೇ ಪಾತ್ರ ಮುಂದುವರಿಸಿದ. ಅವನಿಂದ ಬಿಡಿಸಿಕೊಳ್ಳುವುದೇ ಅವರಿಗೊಂದು ಹೋರಾಟವಾಯಿತು. ರಹಮತ್ ತರೀಕೆರೆ ಅವರು ಅಮೀರಬಾಯಿಯ ಬದುಕನ್ನು ಹುಡುಕಿ ತೆಗೆದು ಪುಸ್ತಕ ಮಾಡಿದ ಮೇಲೆಯೇ ಕನ್ನಡಿಗರಲ್ಲಿ ಬಹಳ ಮಂದಿಗೆ ಈ ಅಕ್ಕತಂಗಿಯರು ನಮ್ಮವರೆಂದು ಗೊತ್ತಾದದ್ದು.

ನಮ್ಮ ಕಂಪನಿ ನಾಟಕಗಳು ಈ ತೊಡಕಿಗೆ ತಮ್ಮದೇ ದಾರಿ ಕಂಡುಕೊಂಡಿದ್ದವು. ನಾಯಕಿ ಮದುವೆಯಾಗಿ ಹೊರಟುಹೋದರೆ ಕಂಪನಿ ಮುಳುಗುತ್ತದೆ. ಹಾಗಾಗಿ ಒಡೆಯರೇ ನಾಯಕಿಯನ್ನು ಮದುವೆಯಾದರು. ಗುಬ್ಬಿ ವೀರಣ್ಣ ಮತ್ತು ಬಿ. ಜಯಮ್ಮ ಎಲ್ಲರಿಗೂ ಗೊತ್ತಿರುವ ಜೋಡಿ. ಇದರಲ್ಲಿ ಪ್ರೀತಿ ಎಷ್ಟು, ಲೆಕ್ಕಪತ್ರ ಎಷ್ಟು ಎಂದು ಹೊರಗಿನವರು ತೂಗಬಾರದು. ಆದರೆ ಫಲಿತಾಂಶ ನೋಡಿ: ನಟಿ ಹೆಂಡತಿಯಾದಳು, ರಂಗದ ಮೇಲೂ ಉಳಿದಳು. ಇಳಕಲ್ಲಿನ ಪಿ.ಬಿ. ಧುತ್ತರಗಿ ಮತ್ತು ಸರೋಜಮ್ಮ ಧುತ್ತರಗಿ ಗಂಡಹೆಂಡತಿಯಾಗಿಯೇ ಬಣ್ಣ ಹಚ್ಚಿದರು, ಊರೂರು ಸುತ್ತಿದರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಾಜಕುಮಾರ್ ಸಿನಿಮಾ ಆಗುವ ಮೊದಲೇ ಈ ಸೀಮೆಯ ಜಾತ್ರೆಗಳಲ್ಲಿ ಹೊಲದ ಪೈರಿನಂತೆ ಬೆಳೆದಿತ್ತು. ಆ ಅಮ್ಮನ ಹೆಸರಿನ ಹಿಂದೆ ಗಂಡನ ಹೆಸರು ಇದ್ದುದರಿಂದ ಟಿಕೆಟು ಕಡಿಮೆ ಮಾರಿದ್ದನ್ನು ನಾನು ಕೇಳಿಲ್ಲ. “ಹಾಂಗ ಬರದ್ರ ಮಂದಿ ಬರ್ತಾರ್ರಿ” ಅನ್ನುವ ಮಾಸ್ತರರ ಲೆಕ್ಕ ಪೂರ್ತಿ ಸರಿಯಲ್ಲ ಅನ್ನಿಸುವುದು ಇಂಥಲ್ಲಿ.

ಜಪಾನಿನಲ್ಲೂ ಕಲಾವಿದೆ ಕುಮಾರಿಯಾಗಿರಬೇಕೆಂಬುದು ಎಕೆಬಿಯ ಕಾಲದಲ್ಲಿ ಹುಟ್ಟಿದ್ದಲ್ಲ. ಒಸಾಕಾ ಬಳಿಯ ತಕರಾಜುಕಾ ಎಂಬಲ್ಲಿ ಕೊಬಾಯಾಶಿ ಇಚಿಜೊ ಎಂಬ ರೈಲು ಉದ್ಯಮಿ, ತನ್ನ ರೈಲಿಗೆ ಜನ ಹತ್ತಲಿ ಎಂದು ಹೆಣ್ಣುಮಕ್ಕಳ ನಾಟಕ ತಂಡ ಕಟ್ಟಿದ. ಮೊದಲ ಪ್ರದರ್ಶನ 1914ರಲ್ಲಿ. ಗಂಡು ಪಾತ್ರವನ್ನೂ ಅಲ್ಲಿ ಹೆಣ್ಣೇ ಮಾಡುತ್ತಾಳೆ. ನಮ್ಮ ಕಂಪನಿಗಳಲ್ಲಿ ಗಂಡು ಸೀರೆಯುಡುತ್ತಿದ್ದ ಕಾಲವೇ ಅದು. ಆ ತಂಡದಲ್ಲಿ ಇರಬೇಕಾದರೆ ಮದುವೆಯಾಗಿರಬಾರದು. ಮದುವೆಯಾದ ದಿನ ಬಿಟ್ಟು ಹೋಗಬೇಕು. ಈ ಕಟ್ಟಳೆ ಇಂದಿಗೂ ಇದೆ. 1980ರ ಅಕ್ಟೋಬರಿನಲ್ಲಿ ಯಾಮಾಗುಚಿ ಮೊಮೊಯೆ ಎಂಬ ಮಹಾತಾರೆ 21ರ ವಯಸ್ಸಿಗೆ ಮದುವೆಗೆಂದು ಹಾಡು ಬಿಟ್ಟಳು. ಕೊನೆಯ ಕಛೇರಿಯಲ್ಲಿ ತನ್ನ ಬಿಳಿ ಮೈಕನ್ನು ವೇದಿಕೆಯ ನೆಲಕ್ಕಿಟ್ಟು ನಡೆದಳು. ಮತ್ತೆ ಅದನ್ನು ಎತ್ತಲಿಲ್ಲ. ಹಾಡು ಅಥವಾ ಸಂಸಾರ, ಎರಡರಲ್ಲಿ ಒಂದು ಎಂಬುದಕ್ಕೆ ಅಷ್ಟು ಚೆಂದದ ಚಿತ್ರ ಸಿಕ್ಕಿದ್ದೇ ಮುಂದಿನವರಿಗೆ ಕಷ್ಟವಾಯಿತೇನೋ. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚಿನಲ್ಲಿ ಎಸ್ಪಾ ಎಂಬ ಗಾಯಕಿಯರ ತಂಡದ ಕರೀನಾ, ತಾನೊಬ್ಬ ನಟನನ್ನು ಪ್ರೀತಿಸುತ್ತಿರುವುದಕ್ಕೆ ಕೈಬರಹದ ಪತ್ರದಲ್ಲಿ ಕ್ಷಮೆ ಕೇಳಿದಳು. ಒಂದು ತಿಂಗಳಲ್ಲಿ ಆ ಪ್ರೀತಿಯೂ ಮುಗಿದ ಸುದ್ದಿ ಬಂತು.

ಇನ್ನು ನಮ್ಮ ಸರ್ಕಾರವೇನು ಕಡಿಮೆ ಇರಲಿಲ್ಲ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡಿದ್ದರು. ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅಪ್ಪಣೆ ಪಡೆಯಬೇಕೆಂಬ ನಿಯಮವೇ ಇತ್ತು. 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಎರಡೇ ವರ್ಷದಲ್ಲಿ, ಏರ್ ಇಂಡಿಯಾ ಗಗನಸಖಿಯರ ಮೊಕದ್ದಮೆಯಲ್ಲಿ, ಕೆಲಸಕ್ಕೆ ಸೇರಿದ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮವನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಮೊದಲ ಬಸುರಿಗೇ ಕೆಲಸ ಕಳೆಯುವ ನಿಯಮವನ್ನು ಮಾತ್ರ ರದ್ದು ಮಾಡಿತು. ವಿಮಾನದಲ್ಲಿ ಊಟ ಬಡಿಸುವವಳೂ ‘ಕುಮಾರಿ’ಯಾಗಿರಬೇಕು ಎಂಬುದು ಯಾವ ಪ್ರೇಕ್ಷಕನ ಬೇಡಿಕೆಯಾಗಿತ್ತೋ.

ಗಂಡಸಿನ ಮಾತು ಬಂದರೆ ಇಡೀ ಚಿತ್ರ ಬೇರೆ. ರಾಜಕುಮಾರ್ 1953ರಲ್ಲಿ ಪಾರ್ವತಮ್ಮನವರನ್ನು ಮದುವೆಯಾದರು. ಮರುವರ್ಷ ‘ಬೇಡರ ಕಣ್ಣಪ್ಪ’ ಬಂತು. ಅಲ್ಲಿಂದ ಹತ್ತಿರ ಹತ್ತಿರ ಅರ್ಧ ಶತಮಾನ ಅವರು ತೆರೆಯ ಮೇಲೆ ಪ್ರೀತಿಸಿದ ನಾಯಕಿಯರಿಗೆ ಲೆಕ್ಕವಿಲ್ಲ. ಮನೆಯಲ್ಲಿ ಹೆಂಡತಿ ಇರುವುದು ಯಾವ ಅಭಿಮಾನಿಗೂ ಅಡ್ಡ ಬರಲಿಲ್ಲ. ಆ ಹೆಂಡತಿಯೇ ನಿರ್ಮಾಪಕಿಯಾಗಿ ಟೈಟಲ್ ಕಾರ್ಡಿನಲ್ಲಿ ಬಂದರೆ ಶಿಳ್ಳೆ. ಅದೇ ಕಾಲದ ಎಷ್ಟೋ ನಾಯಕಿಯರು ಮದುವೆಯಾದ ಮರುದಿನ ಅತ್ತಿಗೆಯ ಪಾತ್ರಕ್ಕೆ ಸರಿದರು. ರಾಜಕುಮಾರ್ ತ‌ಮ್ಮನ್ನು ನೋಡಲು ಬಂದವರಿಗೆ ‘ಅಭಿಮಾನಿ ದೇವರುಗಳು’ ಅನ್ನುತ್ತಿದ್ದರು. ನಾಡಿನಲ್ಲೆಲ್ಲ ಉಳಿದ ಮಾತು ಅದು, ಅವರ ವಿನಯದ ಮಾತು. ಆದರೆ ಅದೇ ಮಾತನ್ನು ಹೆಣ್ಣು ಕಲಾವಿದೆಯ ಬಾಯಲ್ಲಿ ಇಟ್ಟು ನೋಡಿ. ನೋಡುವವನು ದೇವರಾದರೆ ಕುಣಿಯುವ ಹೆಣ್ಣು ಏನಾಗುತ್ತಾಳೆಂದು ಈ ನೆಲಕ್ಕೆ ಗೊತ್ತು. ಅದಕ್ಕೊಂದು ಹೆಸರನ್ನೂ ನಾವೇ ಇಟ್ಟಿದ್ದೇವೆ.

ಮಿನೆಗಿಶಿಯ ಕತೆ ಅಲ್ಲಿಗೇ ಮುಗಿಯಲಿಲ್ಲ, ಅದು ನನಗೆ ಸಮಾಧಾನ. ಕೂದಲು ಬೆಳೆಯಿತು, ಮತ್ತೂ ಎಂಟು ವರ್ಷ ಅದೇ ತಂಡದಲ್ಲಿದ್ದು 2021ರಲ್ಲಿ ಹೊರಬಂದಳು, ಮರುವರ್ಷ ಮದುವೆಯಾದಳು. ಅವಳ ಜೊತೆಗಾತಿ ಸಾಶಿಹಾರಾ ರಿನೊಳದು ಇನ್ನೂ ಮಜವಾದದ್ದು. ಹಳೆಯ ಪ್ರೇಮದ ಸುದ್ದಿ ಬಯಲಾಯಿತೆಂದು 2012ರಲ್ಲಿ ಅವಳನ್ನು ಟೋಕಿಯೊದಿಂದ ದೂರದ ಫುಕುವೊಕಾದ ಹೊಸ ತಂಡಕ್ಕೆ ಅಟ್ಟಿದರು. ನಮ್ಮ ಕಡೆ ಬೇಡಾದ ಅಧಿಕಾರಿಯನ್ನು ಕಲಬುರಗಿಗೆ ವರ್ಗ ಮಾಡುವ ಹಾಗೆ. ಮರುವರ್ಷದ ಚುನಾವಣೆಯಲ್ಲಿ ಅವಳೇ ಮೊದಲ ಸ್ಥಾನಕ್ಕೆ ಬಂದಳು, ಆಮೇಲೆ 2015, 2016, 2017ರಲ್ಲಿಯೂ. ಓಟು ಹಾಕಿದವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಹಾಕಿದರು. ಅಭಿಮಾನಿ ಬಯಸುವುದು ಕನ್ಯೆಯನ್ನೇ ಎಂದು ನಂಬಿ ಕಟ್ಟಿದ ಅಷ್ಟೂ ಲೆಕ್ಕ ಆ ಮತಪೆಟ್ಟಿಗೆಯಲ್ಲಿ ತಲೆಕೆಳಗಾಗಿತ್ತು. ಆದರೂ ಕರಾರು ಪತ್ರದ ಆ ಸಾಲು ಎಷ್ಟೋ ಕಂಪನಿಗಳಲ್ಲಿ ಹಾಗೇ ಉಳಿಯಿತು. ಬರೆದಿಟ್ಟವರಿಗೆ ಅದು ಮಾರಾಟಕ್ಕಿಂತ ಹೆಚ್ಚಾಗಿ ಕಡಿವಾಣಕ್ಕೆ ಬೇಕಾಗಿತ್ತು.

ಕೆಲ ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಜಾತ್ರೆಯಲ್ಲಿ ನಾಟಕ ನೋಡಲು ಹೋಗಿದ್ದೆ. ಗೆಳೆಯನೊಬ್ಬ ಖಳನ ಪಾತ್ರ ಮಾಡುತ್ತಿದ್ದ, ಅವನಿಗೆ ಚಹಾ ಕೊಡಲು ಬಣ್ಣದ ಕೋಣೆಗೆ ಹೋದೆ. ಬಣ್ಣದ ಕೋಣೆ ಅಂದರೆ ಪ್ರಾಥಮಿಕ ಶಾಲೆಯ ಮೂರನೇ ಇಯತ್ತೆ. ಗೋಡೆಯ ಮೇಲೆ ಮಗ್ಗಿ, ಕೆಳಗೆ ಸೀನರಿಯವರ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಜರಿ ಸೀರೆ ಹಾಸಿ ನಾಕೈದು ವರ್ಷದ ಹುಡುಗನನ್ನು ಮಲಗಿಸಿದ್ದರು. ಪಕ್ಕದಲ್ಲಿ ನಾಯಕಿ ಕೂತು, ಕನ್ನಡಿಯಿಲ್ಲದೆ ಮೊಬೈಲಿನ ಕ್ಯಾಮೆರಾದಲ್ಲಿ ಮುಖ ನೋಡಿಕೊಂಡು ಕುಂಕುಮ ಅಳಿಸುತ್ತಿದ್ದಳು. ಮುಂದಿನ ಸೀನು ಕಾಲೇಜಿನದು. ಕೊರಳಿನ ತಾಳಿ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಹುಡುಗನ ತಲೆಯ ಕೆಳಗಿಟ್ಟಳು. ನಾನು ನೋಡಿದ್ದು ಕಂಡು ಮುಜುಗರವಾಗಲಿಲ್ಲ ಅವಳಿಗೆ.

“ಇದನ್ನ ಕಳಿಯೂದ್ರಿ,” ಅಂದಳು, “ಮೂರನೇ ಅಂಕದಾಗ ನಿಮ್ಮೂರ ಹೀರೊ ಬ್ಯಾರೆದು ಕಟ್ತಾನ. ಅದನ್ನೂ ಕಳಿಯೂದ್ರಿ. ಮುಂಜಾನಿ ಬಸ್ಸಿಗೆ ಮತ್ತ ಇದು.”

ಪೋಸ್ಟರಿನ ‘ಕು.’ ಬಗ್ಗೆ ಕೇಳಬೇಕೆಂದು ಬಾಯಿತನಕ ಬಂತು, ಕೇಳಲಿಲ್ಲ. ಹೊರಗೆ ಹಾರ್ಮೋನಿಯಂ ಮಾಸ್ತರರು ಸ್ವರ ಹಿಡಿದಿದ್ದರು. ಮೈಕಿನಲ್ಲಿ ಯಾರದೋ ಹೆಸರು, ಅವನಪ್ಪನ ಹೆಸರು, ಊರು, ಐನೂರಾ ಒಂದು ರೂಪಾಯಿ ಆಯೇರಿ, ಕುಮಾರಿಯವರು ರಂಗಕ್ಕೆ ಬರಬೇಕು ಎಂದು ಕೂಗಿದರು. ಅವಳು ಎದ್ದು, ಮಗನ ಮೇಲೆ ಸೆರಗಿನಂತಿದ್ದ ಜರಿಯ ತುದಿ ಹೊದಿಸಿ, “ಒಂದೀಟ್ ಇಲ್ಲೇ ಕುಂದರ್ರೀ ಅಣ್ಣಾ, ಎದ್ರ ಅಳ್ತಾನ” ಅಂದು ಹೋದಳು. ನಾನು ಮೂರನೇ ಇಯತ್ತೆಯ ಬೆಂಚಿನ ಮೇಲೆ ಕೂತೆ. ಹೊರಗೆ ಶಿಳ್ಳೆ ಎದ್ದಿತು. ಹುಡುಗ ಏಳಲಿಲ್ಲ.